ಒಂದು ಮದರ್‌ಬೋರ್ಡು, ನಾಲ್ಕು ಪೆಟ್ಟಿಗೆ

ನನ್ನ ಕಂಪ್ಯೂಟರಿನ ಮದರ್‌ಬೋರ್ಡು ಮೂರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದೆ. ಮೊದಲು ಗುಜರಿಯಿಂದ ತಂದ ಉಕ್ಕಿನ ಕ್ಯಾಬಿನೆಟ್ಟು, ಆಮೇಲೆ ಅಕ್ರಿಲಿಕ್ ಪೆಟ್ಟಿಗೆ, ಅದಾದ ಮೇಲೆ ಪ್ಲೈವುಡ್ಡು, ಕೊನೆಗೆ ಅಲ್ಯೂಮಿನಿಯಂ. ನಾಲ್ಕನ್ನೂ ನಾನೇ ಉಜ್ಜಿ, ಜೋಡಿಸಿ, ದಿನಾ ಬಳಸಿ ನೋಡಿದ್ದೇನೆ. ಒಳಗಿನ ಸಾಮಾನು ಮಾತ್ರ ಬದಲಾಗಲಿಲ್ಲ. 244 ಮಿ.ಮೀ. ಚೌಕದ ಮೈಕ್ರೋ ಎಟಿಎಕ್ಸ್ ಬೋರ್ಡು, ಮಧ್ಯಮ ದರ್ಜೆಯ ಒಂದು ಗ್ರಾಫಿಕ್ಸ್ ಕಾರ್ಡು, ಎಲ್ಲಕ್ಕೂ ಕರೆಂಟು ಕೊಡುವ ಮಾಮೂಲಿ ಎಸ್‌ಎಂಪಿಎಸ್ಸು, 120 ಮಿ.ಮೀ. ಅಳತೆಯ ಮೂರು ಫ್ಯಾನು. ಹಾಗಾಗಿ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಏನು ಬದಲಾಯಿತು ಅಂತ ಸರಿಯಾಗಿ ನೋಡಲು ಆಯಿತು.

ಕಂಪ್ಯೂಟರಿನ ಪೆಟ್ಟಿಗೆಯನ್ನು ತಾವೇ ಮಾಡಿಕೊಳ್ಳುವ ಈ ಹವ್ಯಾಸಕ್ಕೆ ಹೊಸದಾಗಿ ಬರುವವರು ಮೊದಲು ಕೇಳುವುದು, ಯಾವ ಮೆಟೀರಿಯಲ್ ಒಳ್ಳೇದು ಅಂತ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಈಗ ನನಗೆ ಅನಿಸುವುದು ಬೇರೆ. ಮೂರು ಕಡೆಯ ಗೋಡೆ ಯಾವುದಾದರೂ ಆಗಲಿ, ಹಿಂದುಗಡೆಯ ಗೋಡೆ ಮಾತ್ರ ಕಾರ್ಖಾನೆಯಲ್ಲಿ ಒತ್ತಿದ ತಗಡೇ ಆಗಿರಬೇಕು. ಇದು ತಿಳಿಯುವುದಕ್ಕೆ ಒಂದು ಪೆಟ್ಟಿಗೆ ಪೂರ್ತಿ ಹಾಳಾಗಬೇಕಾಯಿತು.

ಮೊದಲನೆಯದರಲ್ಲಿ ಆ ತೊಂದರೆ ಕಾಣಿಸಲೇ ಇಲ್ಲ. ಮೈಸೂರಿನ ಗುಜರಿ ಅಂಗಡಿಯೊಂದರಲ್ಲಿ ಇನ್ನೂರೈವತ್ತು ರೂಪಾಯಿಗೆ ಹಳೆ ಕ್ಯಾಬಿನೆಟ್ ಸಿಕ್ಕಿತು. ಬಣ್ಣ ಹಳದಿಯಾಗಿತ್ತು, ಮುಂಭಾಗದ ಪ್ಲಾಸ್ಟಿಕ್ ಒಡೆದಿತ್ತು, ತಗಡು ಮಾತ್ರ ಗಟ್ಟಿಯಾಗಿತ್ತು. ಈಗಿನ ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಅರ್ಧ ಮಿ.ಮೀ. ತಗಡು ಬರುತ್ತದೆ, ಒತ್ತಿದರೆ ಡಬ್ ಅನ್ನುತ್ತದೆ. ಹಳೆಯದು ಹಾಗಲ್ಲ. ರಿವೆಟ್‌ಗಳ ತಲೆಯನ್ನು ಡ್ರಿಲ್ಲಿನಲ್ಲಿ ಕೊರೆದು ತೆಗೆದೆ. ಹಾರ್ಡ್ ಡಿಸ್ಕಿನ ಗೂಡನ್ನು ಪೂರ್ತಿ ಕಿತ್ತುಹಾಕಿದೆ. ಮುಂದೆ ಗಾಳಿ ಬರುವುದಕ್ಕೆ ಜಾಗವೇ ಇರಲಿಲ್ಲ, ಅಲ್ಲಿ ಎರಡು ಫ್ಯಾನಿಗೆ ತೂತು ಮಾಡಿದೆ. 120 ಮಿ.ಮೀ. ಫ್ಯಾನಿನ ಸ್ಕ್ರೂ ತೂತುಗಳ ನಡುವೆ 105 ಮಿ.ಮೀ. ಇರುತ್ತದೆ. ಈ ಒಂದು ಸಂಖ್ಯೆ ನೆನಪಿದ್ದರೆ ಫ್ಯಾನನ್ನು ಇಟ್ಟು ಇಟ್ಟು ಗುರುತು ಹಾಕುವ ಕಷ್ಟ ಇಲ್ಲ.

ತಗಡು ಕತ್ತರಿಸುವಾಗ ಎರಡು ವಿಷಯ ಕಲಿತೆ. ಜಿಗ್‌ಸಾ ಓಡಿಸುವಾಗ ತಗಡಿನ ಹಿಂದೆ ಮರದ ಹಲಗೆ ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ತಗಡು ಕುಣಿದು ಅಂಚು ಸೊಟ್ಟಗಾಗುತ್ತದೆ. ಕತ್ತರಿಸಿದ ಅಂಚಿಗೆ ಎಷ್ಟೇ ಅರ ಹಾಕಿದರೂ ಕೈ ಕುಯ್ಯುತ್ತದೆ. ಕಾರಿನ ಸಾಮಾನು ಮಾರುವ ಅಂಗಡಿಯಲ್ಲಿ ಬಾಗಿಲಿನ ಅಂಚಿಗೆ ಹಾಕುವ ರಬ್ಬರ್ ಬೀಡಿಂಗ್ ಸಿಗುತ್ತದಲ್ವಾ, ಅದನ್ನು ಮೀಟರ್ ಲೆಕ್ಕದಲ್ಲಿ ತಂದು ಸಿಕ್ಕಿಸಿದರೆ ನೋಡಲೂ ಚೆನ್ನ. ಬಣ್ಣದಲ್ಲಿ ಮಾತ್ರ ಎಡವಿದೆ. ಜುಲೈ ತಿಂಗಳ ಮಳೆಯಲ್ಲಿ ಸ್ಪ್ರೇ ಮಾಡಿದ್ದರಿಂದ ಕಪ್ಪು ಬಣ್ಣದ ಮೇಲೆ ಬೂದಿಯಂಥ ಪದರ ಕೂತಿತು. ಎಲ್ಲ ಉಜ್ಜಿ, ಬಿಸಿಲು ಬಂದ ಮೇಲೆ ಮತ್ತೆ ತೆಳ್ಳಗೆ ನಾಲ್ಕು ಸಲ ಹೊಡೆದೆ. ಒಟ್ಟು ಖರ್ಚು ಸಾವಿರದ ನಾನೂರರ ಹತ್ತಿರ. ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಆದರೂ ಅದು ಬೇರೆಯವರ ಡಬ್ಬ. ಅದರ ಆಕಾರ ನನ್ನದಾಗಿರಲಿಲ್ಲ.

ಆ ಆಸೆಗೆ ಅಕ್ರಿಲಿಕ್‌ಗೆ ಹೋದೆ. 5 ಮಿ.ಮೀ. ದಪ್ಪದ ಪಾರದರ್ಶಕ ಶೀಟು. ಕಂಪ್ಯೂಟರಿನಲ್ಲಿ ನಕ್ಷೆ ಬರೆದು ಕೊಟ್ಟರೆ ಲೇಸರ್ ಕಟಿಂಗ್ ಮಾಡುವವರು ಒಂದು ಗಂಟೆಯಲ್ಲಿ ಕತ್ತರಿಸಿ ಕೊಡುತ್ತಾರೆ. ಅಂಚು ಗಾಜಿನ ಹಾಗೆ ಹೊಳೆಯುತ್ತದೆ. ಮನೆಗೆ ತಂದು ಮೇಜಿನ ಮೇಲೆ ಹರಡಿದಾಗ ಆದ ಖುಷಿ ಈಗಲೂ ನೆನಪಿದೆ. ಆಮೇಲೆ ಅದರ ಅಂಚನ್ನು ಸ್ಪಿರಿಟ್‌ನಲ್ಲಿ ಒರೆಸಿದೆ. ಬೆಳಗಾಗುವಷ್ಟರಲ್ಲಿ ಅಂಚಿನುದ್ದಕ್ಕೂ ಕೂದಲೆಳೆಯಂಥ ಬಿರುಕು. ಲೇಸರಿನ ಬಿಸಿಗೆ ಅಂಚಿನಲ್ಲಿ ಬಿಗಿತ ಉಳಿದಿರುತ್ತದೆ, ಸ್ಪಿರಿಟ್ ತಾಗಿದರೆ ಅಲ್ಲೇ ಸೀಳುತ್ತದೆ. ಸೋಪಿನ ನೀರು ಸಾಕಿತ್ತು.

ನಿಜವಾದ ತೊಂದರೆ ಇದ್ದದ್ದು ಹಿಂದುಗಡೆ. ಬೋರ್ಡಿನ ಯುಎಸ್‌ಬಿ, ಎಚ್‌ಡಿಎಂಐ ಬಾಯಿಗಳು ಹೊರಬರುವ ಕಿಂಡಿ 158.75 ಮಿ.ಮೀ. ಉದ್ದ, 44.45 ಮಿ.ಮೀ. ಎತ್ತರ ಇರುತ್ತದೆ. ಆ ಅಳತೆಗೆ ಕತ್ತರಿಸುವುದು ಲೇಸರಿಗೆ ಸುಲಭ. ಆದರೆ ಅಲ್ಲಿ ಕೂರುವ ಐಒ ಶೀಲ್ಡನ್ನು, ಅಂದರೆ ಆ ಬಾಯಿಗಳಿಗೆ ತೂತು ಇರುವ ತೆಳು ತಗಡಿನ ಮುಚ್ಚಳವನ್ನು, ಮಾಡಿರುವುದು ಒಂದು ಮಿ.ಮೀ. ಆಸುಪಾಸಿನ ತಗಡಿಗೆ ಕಚ್ಚಿಕೊಳ್ಳಲಿ ಅಂತ. 5 ಮಿ.ಮೀ. ಶೀಟಿಗೆ ಅದು ಕಚ್ಚಲಿಲ್ಲ. ಶೀಲ್ಡ್ ಬಿಟ್ಟು ಜೋಡಿಸಿದರೆ, ಗ್ರಾಫಿಕ್ಸ್ ಕಾರ್ಡಿನ ಕಿಂಡಿಯಲ್ಲಿ ಕೇಬಲ್ಲಿನ ತಲೆ ಅಕ್ರಿಲಿಕ್‌ಗೆ ತಾಗಿ ಪೂರ್ತಿ ಒಳಹೋಗುತ್ತಿರಲಿಲ್ಲ. ಕಾರ್ಡಿನ ಪಟ್ಟಿ ಸ್ಕ್ರೂ ಹಾಕಿ ನಿಲ್ಲುವುದಕ್ಕೆ ಮಡಿಸಿದ ತುಟಿ ಬೇಕು. ನಾನು ಅಲ್ಲಿ ಒಂದು ಪಟ್ಟಿ ಅಂಟಿಸಿದೆ. ಕಾರ್ಡಿನ ಭಾರಕ್ಕೆ ಅದು ತಿಂಗಳೊಳಗೆ ಬಗ್ಗಿತು. ಒಂದು ಸಂಜೆ ಸ್ಕ್ರೂ ಸ್ವಲ್ಪ ಜಾಸ್ತಿ ಬಿಗಿ ಮಾಡಿದೆ, ಟಪ್ ಅಂತ ಹಿಂದಿನ ಶೀಟು ಎರಡು ಹೋಳಾಯಿತು. ಸ್ಕ್ರೂಗಿಂತ ತೂತು ಅರ್ಧ ಮಿ.ಮೀ. ದೊಡ್ಡದಿರಬೇಕು, ನಡುವೆ ರಬ್ಬರ್ ವಾಷರ್ ಇರಬೇಕು. ಎರಡನ್ನೂ ನಾನು ಮಾಡಿರಲಿಲ್ಲ. ಸುಮಾರು 3,800 ರೂಪಾಯಿ ಹೋಯಿತು.

ಧೂಳಿನ ಬಗ್ಗೆಯೂ ಹೇಳಬೇಕು. ಅಕ್ರಿಲಿಕ್ಕನ್ನು ಒಣ ಬಟ್ಟೆಯಲ್ಲಿ ಒರೆಸಿದಷ್ಟೂ ಅದರಲ್ಲಿ ಸ್ಥಿರ ವಿದ್ಯುತ್ತು ತುಂಬಿಕೊಂಡು ಇನ್ನಷ್ಟು ಧೂಳನ್ನು ಎಳೆದುಕೊಳ್ಳುತ್ತದೆ. ಫೋಟೋದಲ್ಲಿ ಇದಕ್ಕಿಂತ ಚೆಂದದ ಪೆಟ್ಟಿಗೆ ಇಲ್ಲ. ರಸ್ತೆ ಪಕ್ಕದ ಮನೆಯಲ್ಲಿ ದಿನಾ ಇಟ್ಟುಕೊಳ್ಳುವುದು ಕಷ್ಟ.

ಪ್ಲೈವುಡ್‌ಗೆ ಬರುವ ಹೊತ್ತಿಗೆ ಬುದ್ಧಿ ಬಂದಿತ್ತು. ಗುಜರಿಯಿಂದ ಇನ್ನೊಂದು ಹಳೆ ಕ್ಯಾಬಿನೆಟ್ ತಂದೆ. ಬೋರ್ಡು ಕೂರುವ ತಟ್ಟೆ ಮತ್ತು ಹಿಂದಿನ ಗೋಡೆ, ಎರಡನ್ನೂ ಒಂದೇ ತುಂಡಾಗಿ ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿ ಹಾಕಿದೆ. ಇಂಟೆಲ್ 1995ರಲ್ಲಿ ಕೊಟ್ಟ ಎಟಿಎಕ್ಸ್ ಅಳತೆಯೇ ಇವತ್ತಿಗೂ ನಡೆಯುತ್ತಿರುವುದರಿಂದ, ಇಪ್ಪತ್ತು ವರ್ಷ ಹಳೆಯ ತಗಡಿಗೆ ಈಗಿನ ಬೋರ್ಡು ಕೂದಲಷ್ಟೂ ಆಚೀಚೆ ಆಗದೆ ಕೂರುತ್ತದೆ. ಕಾರ್ಡಿನ ಒಂದು ಕಿಂಡಿಯಿಂದ ಇನ್ನೊಂದಕ್ಕೆ 20.32 ಮಿ.ಮೀ. ಇದನ್ನು ಮನೆಯಲ್ಲಿ ಅರ ಹಿಡಿದು ತರುವುದು ಆಗದ ಮಾತು. ಬೋರ್ಡನ್ನು ತಟ್ಟೆಯಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಪುಟ್ಟ ಕಾಲುಗಳೂ ಅದರ ಜೊತೆಗೇ ಬರುತ್ತವೆ. ಅವುಗಳ ಸ್ಕ್ರೂ ಮರೆ (ಥ್ರೆಡ್) 6-32 ಅನ್ನುವ ಇಂಚಿನ ಅಳತೆಯದು. ನಾನು ಕೇಳಿದ ಹಾರ್ಡ್‌ವೇರ್ ಅಂಗಡಿಗಳಲ್ಲೆಲ್ಲ ಮಿ.ಮೀ. ಅಳತೆಯ ಎಂ3 ಮಾತ್ರ ಇತ್ತು.

ಮರದ ಕೆಲಸ ಕಲಿಸಿದವರು ನಮ್ಮ ಬೀದಿಯ ಬಡಗಿ ಯಜಮಾನರು. 12 ಮಿ.ಮೀ. ಪ್ಲೈ ತಂದು ತೋರಿಸಿದೆ. ಪದರಗಳನ್ನು ಬೆರಳಿನಲ್ಲಿ ಎಣಿಸಿ, ನಡುವೆ ಇದ್ದ ಸಂದು ತೋರಿಸಿದರು. "ಇದು ಬೇಡ ಸ್ವಾಮಿ, ಸ್ಕ್ರೂ ಹಿಡಿಯಲ್ಲ. 710 ನಂಬರ್ ಇರೋ ಪ್ಲೈ ತನ್ನಿ" ಅಂದರು. ಐಎಸ್ 710 ಅಂದರೆ ನೀರಿಗೆ ಜಗ್ಗದ ಮರೈನ್ ಪ್ಲೈ. ಕಂಪ್ಯೂಟರಿಗೆ ನೀರು ತಾಗುವುದಿಲ್ಲ ನಿಜ, ಆದರೆ ಒಳಗೆ ಸಂದು ಕಡಿಮೆ ಇರುವುದರಿಂದ ಅಂಚು ಚೆನ್ನಾಗಿ ಬರುತ್ತದೆ. ಗೆರೆಯ ಮೇಲೆ ಮೊದಲು ಚಾಕುವಿನಿಂದ ಗೀರಬೇಕು, ಆಮೇಲೆ ಗರಗಸ. ಆಗ ಮೇಲಿನ ಪದರ ಸಿಬಿರಾಗುವುದಿಲ್ಲ. ಇದನ್ನೂ ಅವರೇ ಹೇಳಿಕೊಟ್ಟರು. ಮೂಲೆಗೆ ತೇಗದ ಬೀಡಿಂಗ್, ಫೆವಿಕಾಲ್, ಒಂದು ರಾತ್ರಿ ಹಗ್ಗದ ಬಿಗಿ. ಮೇಲೆ ಮೂರು ಕೈ ಪಾಲಿಶ್.

ಎಲ್ಲರೂ ಕೇಳುವುದು, ಮರದೊಳಗೆ ಬಿಸಿಯಾಗಲ್ವಾ ಅಂತ. ನಾನೂ ಹೆದರಿದ್ದೆ. ಕೋಣೆಯ ಬಿಸಿ 28 ಡಿಗ್ರಿ ಇದ್ದ ದಿನಗಳಲ್ಲಿ ಕಾರ್ಡನ್ನು ಅರ್ಧ ಗಂಟೆ ಪೂರ್ತಿ ದುಡಿಸಿ ನೋಡಿದೆ. ಉಕ್ಕಿನ ಡಬ್ಬದಲ್ಲಿ 74, ಅಕ್ರಿಲಿಕ್‌ನಲ್ಲಿ 77, ಮರದಲ್ಲಿ 71 ಡಿಗ್ರಿ. ಕಾರಣ ಮರ ಅಲ್ಲ. ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಅಂದ ಕೆಡುತ್ತದೆ ಅಂತ ಮುಂದೆ ಸಣ್ಣ ಕಿಂಡಿ ಬಿಟ್ಟಿದ್ದೆ. ಮರದ್ದರಲ್ಲಿ ತಳದಲ್ಲೇ ಎರಡು ಫ್ಯಾನ್ ಇಟ್ಟು, ನಾಲ್ಕು ಬೆರಳು ಎತ್ತರದ ಕಾಲು ಕೊಟ್ಟೆ. ತಣ್ಣನೆ ಗಾಳಿ ನೇರ ಕಾರ್ಡಿಗೇ ಹೋಗುತ್ತದೆ. ಬಿಸಿಯನ್ನು ಹೊರಗೆ ಒಯ್ಯುವುದು ಗಾಳಿ, ಗೋಡೆಯ ಪಾಲು ತೀರಾ ಕಡಿಮೆ. ಫ್ಯಾನಿನ ಬಾಯಿಗೆ ಸೊಳ್ಳೆ ಪರದೆಯ ನೈಲಾನ್ ಜಾಲರಿ ಹಾಕಿದ್ದೇನೆ, ತಿಂಗಳಿಗೊಮ್ಮೆ ತೊಳೆದರೆ ಸಾಕು.

ಶಬ್ದದಲ್ಲಿ ಮರವನ್ನು ಮೀರಿಸಿದ್ದು ಯಾವುದೂ ಇಲ್ಲ. ತೆಳು ತಗಡು ಫ್ಯಾನಿನ ಜೊತೆ ತಾನೂ ಗುಂಯ್‌ಗುಡುತ್ತದೆ. 12 ಮಿ.ಮೀ. ಪ್ಲೈ ಸುಮ್ನೆ ಇರುತ್ತದೆ. ರಾತ್ರಿ ಮಗು ಪಕ್ಕದ ಕೋಣೆಯಲ್ಲಿ ಮಲಗಿದ್ದಾಗ ಈ ವ್ಯತ್ಯಾಸ ನನಗೆ ದೊಡ್ಡದಾಗಿ ಕಂಡಿತು.

ಅರ್ಥಿಂಗ್ ವಿಷಯದಲ್ಲಿ ಮಾತ್ರ ಅಸಡ್ಡೆ ಬೇಡ. ಲೋಹದ ಕ್ಯಾಬಿನೆಟ್ಟು ಎಸ್‌ಎಂಪಿಎಸ್‌ನ ಸ್ಕ್ರೂಗಳ ಮೂಲಕ ತಾನಾಗಿ ಭೂಮಿಗೆ ಸೇರಿಕೊಳ್ಳುತ್ತದೆ. ಮರದಲ್ಲಿ ಆ ದಾರಿ ಇಲ್ಲ. ನಾನು ಎಸ್‌ಎಂಪಿಎಸ್ಸನ್ನು ಬೇರೆ ಮೂಲೆಯಲ್ಲಿ ಇಟ್ಟಿದ್ದೆ. ಹೆಡ್‌ಫೋನಿನಲ್ಲಿ ಸಣ್ಣಗೆ ಹಮ್ ಅನ್ನುವ ಸದ್ದು ಬರುತ್ತಿತ್ತು. ಅದರ ಮೈಯಿಂದ ಬೋರ್ಡಿನ ತಟ್ಟೆಗೆ ದಪ್ಪನೆಯ ಹಸಿರು ತಂತಿ ಎಳೆದೆ, ಸದ್ದು ನಿಂತಿತು. ಗೋಡೆಯ ಮೂರು ಪಿನ್ ಸಾಕೆಟ್ಟಿನಲ್ಲಿ ಅರ್ಥ್ ನಿಜವಾಗಿ ಇದೆಯಾ ಅಂತಲೂ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿಕೊಳ್ಳಿ.

ಈ ಪೆಟ್ಟಿಗೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಆನ್ ಮಾಡುವ ಗುಂಡಿ. ಬೋರ್ಡಿನ ಎರಡು ಪಿನ್ನು ಒಂದು ಕ್ಷಣ ಕೂಡಿದರೆ ಸಾಕು, ಮಷೀನು ಶುರುವಾಗುತ್ತದೆ. ಅಂದರೆ ಕಾಲಿಂಗ್ ಬೆಲ್ಲಿನ ಸ್ವಿಚ್ಚೇ ಸಾಕು. ಅದಕ್ಕೆ ಚನ್ನಪಟ್ಟಣದಲ್ಲಿ ಆಲೆ ಮರದಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿದ ಕೆಂಪು ಗುಂಡಿ ಕೂರಿಸಿದೆ. ದಿನಾ ಬೆಳಿಗ್ಗೆ ಅದನ್ನು ಒತ್ತುವಾಗ ಮನಸ್ಸಿಗೆ ಹಿತ. ಒಟ್ಟು ಖರ್ಚು 2,600 ರೂಪಾಯಿ, ನಾಲ್ಕು ಭಾನುವಾರ.

ಅಲ್ಯೂಮಿನಿಯಂ ಮಾಡಿದ್ದು ಇನ್ನೂ ಚಿಕ್ಕದು ಬೇಕು ಅಂತ. 20 ಮಿ.ಮೀ. ಚೌಕದ, ಬದಿಯಲ್ಲಿ ಕಾಲುವೆ ಇರುವ ಪ್ರೊಫೈಲ್ ಕಂಬಿಗಳು. ಕಿಟಕಿ ಮಾಡುವವರ ಮಷೀನಿನಲ್ಲಿ ಕತ್ತರಿಸಿಕೊಂಡೆ. ತುದಿ ನೆಟ್ಟಗೆ ಬರದಿದ್ದರೆ ಇಡೀ ಚೌಕಟ್ಟು ತಿರುಚಿಕೊಳ್ಳುತ್ತದೆ, ಕೈಗರಗಸದಲ್ಲಿ ಆಗದು. ಗೋಡೆಗೆ ಅಂಗಡಿ ಬೋರ್ಡಿಗೆ ಬಳಸುವ ಎಸಿಪಿ ಶೀಟು. ಚಾಕು ಮತ್ತು ಸ್ಕೇಲಿನಲ್ಲೇ ಗೀರಿ ಮುರಿಯಬಹುದು. ಸ್ಕ್ರೂ ಸಡಿಲಿಸಿ ಕಂಬಿ ಸರಿಸಿದರೆ ಮುಗಿಯಿತು, ಅಳತೆ ತಪ್ಪಿದರೂ ಸಾಮಾನು ಹಾಳಾಗುವುದಿಲ್ಲ. ಆ ನೆಮ್ಮದಿ ಬೇರೆ ಯಾವುದರಲ್ಲೂ ಇಲ್ಲ. ಬಿಸಿ ಮರದಷ್ಟೇ, 71. ಆದರೆ ಮೂಲೆಯ ಬ್ರಾಕೆಟ್ಟು, ಟಿ ನಟ್ಟು ಅಂತ ಸೇರಿ 6,500 ದಾಟಿತು. ಇನ್ನೊಂದು ವಿಷಯ, ಆನೋಡೈಸ್ ಮಾಡಿದ, ಅಂದರೆ ಮೇಲೆ ಗಟ್ಟಿ ರಕ್ಷಣೆಯ ಪದರ ಬೆಳೆಸಿದ ಕಂಬಿಯ ಮೇಲ್ಪದರದಲ್ಲಿ ಕರೆಂಟು ಹರಿಯುವುದಿಲ್ಲ. ನೋಡಲು ಲೋಹ, ಅರ್ಥಿಂಗ್‌ಗೆ ಮರದ ಹಾಗೆಯೇ. ಸ್ಕ್ರೂ ಕೂರುವ ಕಡೆ ಆ ಪದರವನ್ನು ಕೆರೆದೇ ಜೋಡಿಸಬೇಕು. ಇದರ ಹಿಂದಿನ ಗೋಡೆಯೂ ಅದೇ ಗುಜರಿ ತಗಡು.

ಈಗ ಯಂತ್ರ ಮತ್ತೆ ಮರದ ಪೆಟ್ಟಿಗೆಗೆ ಬಂದಿದೆ. ಅಲ್ಯೂಮಿನಿಯಂ ಚೌಕಟ್ಟನ್ನು ಹೊಸ ಭಾಗಗಳನ್ನು ಜೋಡಿಸಿ ನೋಡುವುದಕ್ಕೆ ಇಟ್ಟುಕೊಂಡಿದ್ದೇನೆ, ಆ ಕೆಲಸಕ್ಕೆ ಅದೇ ಸರಿ. ಇನ್ನೂ ಡ್ರಿಲ್ ಹಿಡಿದೇ ಇಲ್ಲದವರು ಉಕ್ಕಿನ ಹಳೆ ಡಬ್ಬದಿಂದ ಶುರು ಮಾಡಲಿ. ಮನೆಯಲ್ಲಿ ಮರದ ಕೆಲಸ ಸ್ವಲ್ಪ ಗೊತ್ತಿದ್ದರೆ ನೇರ ಪ್ಲೈವುಡ್‌ಗೇ ಹೋಗಬಹುದು. ಅಕ್ರಿಲಿಕ್ಕನ್ನು ಬದಿಯ ಒಂದು ಕಿಟಕಿಗೆ ಮಾತ್ರ ಬಳಸಿ.

ಗುಜರಿಗೆ ಹೋಗುವಾಗ ಟೇಪು ಮರೆಯಬೇಡಿ. ಆಫೀಸುಗಳಿಂದ ಬಂದ ಕಂಪನಿ ಕಂಪ್ಯೂಟರುಗಳಲ್ಲಿ ಎಷ್ಟೋ ಸಲ ಬೋರ್ಡಿನ ಆಕಾರವೇ ಬೇರೆ ಇರುತ್ತದೆ, ಹಿಂದೆ ಒಂದೊಂದು ಬಾಯಿಗೂ ಬೇರೆ ಬೇರೆ ತೂತನ್ನು ತಗಡಿನಲ್ಲೇ ಕೊರೆದಿರುತ್ತಾರೆ. ಅಂಥದ್ದು ಎಷ್ಟು ಗಟ್ಟಿ ಇದ್ದರೂ ಬಿಟ್ಟುಬಿಡಿ. ಕಿಂಡಿ ಬರಿ ಆಯತವಾಗಿರಬೇಕು, ಉದ್ದ 159 ಮಿ.ಮೀ. ಹತ್ತಿರ ಬರಬೇಕು, ಹಿತ್ತಾಳೆ ಕಾಲುಗಳು ಇನ್ನೂ ಅಲ್ಲೇ ಇರಬೇಕು. ಮೂರೂ ಇದ್ದರೆ ಬಣ್ಣ, ತುಕ್ಕು ನೋಡದೆ ತೆಗೆದುಕೊಳ್ಳಿ.