ಫೈಬ್ರಾಯ್ಡ್‌ಗೆ ‘ಸಣ್ಣ ತೂತಿನ ಆಪರೇಷನ್’ ಅಂದರೆ, ಏನು ತೆಗೆಯುತ್ತಾರೆ ಅಂತ ಮೊದಲು ಕೇಳಿ

ಗರ್ಭಕೋಶದಲ್ಲಿ ಫೈಬ್ರಾಯ್ಡ್ (ಕ್ಯಾನ್ಸರ್ ಅಲ್ಲದ ಗಡ್ಡೆ) ಇದೆ ಅಂತ ಗೊತ್ತಾಗಿ, ಹೊಟ್ಟೆ ಕೊಯ್ಯದ ಚಿಕಿತ್ಸೆ ಇದೆಯಾ ಅಂತ ಹುಡುಕುತ್ತಿರುವವರು ಡಾಕ್ಟರನ್ನು ಕಾಣುವ ಮೊದಲು ದಯವಿಟ್ಟು ಇದನ್ನು ಓದಿ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಮುಟ್ಟಿನಲ್ಲಿ ನನಗೆ ವಿಪರೀತ ರಕ್ತಸ್ರಾವ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ಇದ್ದದ್ದು ಇಷ್ಟೇ: ಹಲವು ಫೈಬ್ರಾಯ್ಡ್‌ಗಳಿವೆ, ದೊಡ್ಡದು 6 ಸೆಂಟಿಮೀಟರ್. ತಜ್ಞರೊಬ್ಬರು ಅದರ ಕೊನೆಯ ಸಾಲು ನೋಡಿ, "ಲ್ಯಾಪ್ರೋಸ್ಕೋಪಿ ಮಾಡೋಣ, ಮೂರ್ನಾಲ್ಕು ಸಣ್ಣ ತೂತು ಅಷ್ಟೇ, ಬೇಗ ಮನೆಗೆ ಹೋಗ್ಬಹುದು" ಅಂದರು. ಹೊಲಿಗೆ, ಗಾಯದ ಗುರುತು, ಕೆಲಸಕ್ಕೆ ಯಾವಾಗ ಮರಳಬಹುದು, ಎಲ್ಲ ಮಾತಾಯಿತು. ಗರ್ಭಕೋಶ ಉಳಿಯುತ್ತದೋ ಇಲ್ಲವೋ ಅನ್ನುವ ಮಾತು ಮಾತ್ರ ಬರಲಿಲ್ಲ. ಮುಂದೆ ಮಕ್ಕಳು ಬೇಕಾ ಅಂತಲೂ ಕೇಳಲಿಲ್ಲ. ಹೊರಗೆ ಕೌಂಟರಿನಲ್ಲಿ ಆಪರೇಷನ್ ದಿನ ಗೊತ್ತುಮಾಡಿ, ಮುಂಗಡ ಕಟ್ಟಿಸಿಕೊಂಡು, ಸಹಿಗೆ ಫಾರಂ ಕೊಟ್ಟರು. ಜೊತೆಗೆ ಬಂದಿದ್ದ ಅಕ್ಕ ಅದನ್ನು ಓದಿ, "ಏ, ಇದ್ರಲ್ಲಿ ಗರ್ಭಕೋಶಾನೇ ತೆಗೀತೀವಿ ಅಂತ ಇದೆಯಲ್ಲೇ" ಅಂದಳು. ಗರ್ಭಕಂಠವನ್ನೂ ಸೇರಿಸಿ ಪೂರ್ತಿ ತೆಗೆಯುವ ಹಿಸ್ಟರೆಕ್ಟಮಿ ಅದು. ಒಳಗೆ ಹೋಗಿ ಕೇಳಿದರೆ, "ಅದನ್ನೂ ಲ್ಯಾಪ್ರೋಸ್ಕೋಪಿಯಲ್ಲೇ ಮಾಡೋದಮ್ಮಾ. ಬರೀ ಗಡ್ಡೆ ತೆಗೆದ್ರೆ ಮತ್ತೆ ಬರ್ಬಹುದು" ಅಂದರು.

ಅವರು ಹೇಳಿದ್ದರಲ್ಲಿ ಸುಳ್ಳೇನಿಲ್ಲ, ಅಪಾಯ ಇರುವುದೇ ಅಲ್ಲಿ. ಅದೇ ಸಣ್ಣ ತೂತುಗಳಿಂದ ಗಡ್ಡೆಯನ್ನಷ್ಟೇ ತೆಗೆಯಬಹುದು, ಇಡೀ ಗರ್ಭಕೋಶವನ್ನೂ ತೆಗೆಯಬಹುದು. ಹೊಟ್ಟೆಯ ಮೇಲಿನ ಗುರುತು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಗರ್ಭಕೋಶ ತೆಗೆಸುವುದೇ ಸರಿಯಾದ ದಾರಿ ಆಗಿರುವ ಹೆಂಗಸರೂ ಇದ್ದಾರೆ, ಫೈಬ್ರಾಯ್ಡ್ ಮತ್ತೆ ಬರುವುದಿಲ್ಲ ಎಂಬ ಖಾತ್ರಿ ಸಿಗುವುದು ಅದರಲ್ಲಿ ಮಾತ್ರ. ಆದರೆ ಕೌಂಟರಿನ ಮುಂದೆ ನಿಂತು, ಫಾರಂ ಓದಿ ತಿಳಿದುಕೊಳ್ಳುವ ವಿಷಯವೇ ಅದು?

ಸಹಿ ಹಾಕದೆ ಬಂದು ಬೇರೆ ಡಾಕ್ಟರನ್ನು ಕಂಡೆವು. ಅವರು ಮೊದಲು ಕೇಳಿದ್ದು ಹಿಮೋಗ್ಲೋಬಿನ್ ಎಷ್ಟಿದೆ ಅಂತ. ಮಾಡಿಸಿದರೆ 7.6. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದುದಕ್ಕೆ ಕಾರಣ ಇದು, ಮೊದಲಿನವರು ಇದನ್ನು ಕೇಳಿಯೇ ಇರಲಿಲ್ಲ. ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟು ರಕ್ತ ಸುಧಾರಿಸಿದ ಮೇಲೇ ಮುಂದಿನ ಮಾತು ಅಂದರು. ಆಮೇಲೆ ಎಂಆರ್‌ಐ. ಅದರಲ್ಲಿ ಕಂಡದ್ದು: 6 ಸೆಂಟಿಮೀಟರಿನದು ಗರ್ಭಕೋಶದ ಹೊರಮೈಯಲ್ಲಿತ್ತು, ರಕ್ತಸ್ರಾವಕ್ಕೂ ಅದಕ್ಕೂ ಸಂಬಂಧ ಇರಲಿಲ್ಲ. ತೊಂದರೆ ಕೊಡುತ್ತಿದ್ದುದು ಒಳಗಿನ ಟೊಳ್ಳಿಗೆ ಚಾಚಿಕೊಂಡಿದ್ದ, 2 ಸೆಂಟಿಮೀಟರ್ ಕೂಡ ಇಲ್ಲದ ಇನ್ನೊಂದು. ಅದನ್ನು ಯೋನಿಮಾರ್ಗದಿಂದ ಹಿಸ್ಟರೋಸ್ಕೋಪ್ (ಗರ್ಭಕೋಶದ ಒಳಗನ್ನು ನೋಡುವ ತೆಳು ನಳಿಕೆ) ಹಾಕಿ, ಹೊಟ್ಟೆಗೆ ಒಂದು ತೂತನ್ನೂ ಮಾಡದೆ ತೆಗೆದರು. ದೊಡ್ಡದು ಹಾಗೇ ಇದೆ, ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾರೆ.

ಆದ್ದರಿಂದ ಫೈಬ್ರಾಯ್ಡ್ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದನ್ನು ಮೊದಲು ಕೇಳಿ. ಒಳಪದರದ ಕೆಳಗಿದ್ದು ಟೊಳ್ಳಿಗೆ ಚಾಚಿದೆಯಾ, ಸ್ನಾಯುವಿನ ಗೋಡೆಯಲ್ಲಿದೆಯಾ, ಹೊರಮೈಯಲ್ಲಿದೆಯಾ? ಇದನ್ನು 0ಯಿಂದ 8ರವರೆಗೆ ಗುರುತಿಸುವ ಫಿಗೋ (ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟ) ವರ್ಗೀಕರಣ 2011ರಿಂದ ಇದೆ. ಟೊಳ್ಳಿಗೆ ಚಾಚಿದ್ದರಲ್ಲೂ ಅರ್ಧಕ್ಕಿಂತ ಹೆಚ್ಚು ಭಾಗ ಗೋಡೆಯೊಳಗೆ ಹೂತಿದ್ದರೆ ಒಂದೇ ಸಲಕ್ಕೆ ಪೂರ್ತಿ ತೆಗೆಯಲು ಆಗದಿರಬಹುದು. ರಿಪೋರ್ಟಿನಲ್ಲಿ ಜಾಗ ಬರೆದಿಲ್ಲವಾದರೆ ಬರೆಸಿಕೊಳ್ಳಿ. ಹಾಳೆಯ ಜೊತೆಗೆ ಸ್ಕ್ಯಾನಿನ ಚಿತ್ರಗಳನ್ನೂ ಒಯ್ಯಿರಿ. ಮುಟ್ಟಿನಲ್ಲಿ ಎಷ್ಟು ದಿನ ರಕ್ತ ಹೋಗುತ್ತದೆ, ದಿನಕ್ಕೆ ಎಷ್ಟು ಪ್ಯಾಡ್, ಗಂಟುಗಂಟಾಗಿ ಬೀಳುತ್ತದಾ, ರಾತ್ರಿ ಎದ್ದು ಬದಲಿಸಬೇಕಾ ಅಂತ ಎರಡು ಮೂರು ತಿಂಗಳು ಬರೆದಿಟ್ಟರೆ "ಜಾಸ್ತಿ ಹೋಗುತ್ತೆ" ಎಂಬ ಒಂದು ಮಾತಿಗಿಂತ ಡಾಕ್ಟರಿಗೆ ಎಷ್ಟೋ ಉಪಯೋಗ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಫೈಬ್ರಾಯ್ಡ್‌ಗೆ ಹೋಗುವ ರಕ್ತವನ್ನೇ ತಡೆದು ಅದನ್ನು ಕುಗ್ಗಿಸುವ ಎಂಬೊಲೈಸೇಷನ್ ಎಂಬ ಚಿಕಿತ್ಸೆ 1990ರ ದಶಕದಿಂದ ಇದೆ. ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದಿಂದ ತೆಳುವಾದ ನಳಿಕೆ ತೂರಿಸಿ, ಸಣ್ಣ ಕಣಗಳನ್ನು ಬಿಡುತ್ತಾರೆ. ಇದನ್ನು ಮಾಡುವವರು ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್ (ಸ್ಕ್ಯಾನ್ ಚಿತ್ರ ನೋಡಿಕೊಂಡು ನಳಿಕೆಯಿಂದ ಚಿಕಿತ್ಸೆ ಮಾಡುವ ತಜ್ಞರು), ಹಾಗಾಗಿ ಸ್ತ್ರೀರೋಗ ತಜ್ಞರ ಕೋಣೆಯಲ್ಲಿ ಇದರ ಹೆಸರೇ ಬರದೆ ಹೋಗಬಹುದು. "ನೀವು ಮಾಡದ, ಆದರೆ ನನಗೆ ಆಗಬಹುದಾದ ಚಿಕಿತ್ಸೆ ಯಾವುದಾದರೂ ಇದೆಯಾ?" ಅಂತ ಬಾಯಿಬಿಟ್ಟು ಕೇಳಿ. ಅದರ ತೊಂದರೆಗಳನ್ನೂ ಕೇಳಿ: ಮೊದಲ ದಿನದ ನೋವು ಜೋರಾಗಿರುತ್ತದೆ, ಜ್ವರ, ವಾಕರಿಕೆ ಬರಬಹುದು, ಮುಂದೆ ಗರ್ಭ ಧರಿಸುವ ಆಸೆ ಇರುವವರಿಗೆ ಸಾಮಾನ್ಯವಾಗಿ ಗಡ್ಡೆ ತೆಗೆಯುವ ಆಪರೇಷನ್ನನ್ನೇ ಮೊದಲು ಸೂಚಿಸುತ್ತಾರೆ. ಶಬ್ದತರಂಗದ ಶಾಖದಿಂದ ಗಡ್ಡೆ ಸುಡುವ ವಿಧಾನವೂ ಇದೆ, ಅದು ಎಲ್ಲರಿಗೂ ಹೊಂದುವುದಿಲ್ಲ.

ಲ್ಯಾಪ್ರೋಸ್ಕೋಪಿಯೇ ಎಂದಾದರೆ, ದೊಡ್ಡ ಗಡ್ಡೆಯನ್ನು ಸಣ್ಣ ತೂತಿನಿಂದ ಹೊರತರುವುದು ಹೇಗೆ ಅಂತ ಕೇಳಲೇಬೇಕು. ಒಳಗೇ ಯಂತ್ರದಿಂದ ತುಂಡರಿಸುವುದಾದರೆ, ಫೈಬ್ರಾಯ್ಡ್ ಅಂದುಕೊಂಡದ್ದರಲ್ಲಿ ಅಪರೂಪಕ್ಕೆ ಅಡಗಿರುವ ಕ್ಯಾನ್ಸರ್ ಹೊಟ್ಟೆಯೊಳಗೆ ಹರಡಬಹುದು ಎಂದು ಅಮೆರಿಕದ ಔಷಧ ಮತ್ತು ವೈದ್ಯಕೀಯ ಸಾಧನಗಳ ನಿಯಂತ್ರಕ ಸಂಸ್ಥೆ ಎಫ್‌ಡಿಎ 2014ರಲ್ಲೇ ಎಚ್ಚರಿಸಿದೆ. ಚೀಲದೊಳಗೆ ಇಟ್ಟು ತುಂಡರಿಸುತ್ತೀರಾ ಅಂತ ಕೇಳಿ. ವಯಸ್ಸು 45 ದಾಟಿ ರಕ್ತಸ್ರಾವ ಏರುಪೇರಾಗಿದ್ದರೆ ಗರ್ಭಕೋಶದ ಒಳಪದರದ ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಬೇಕಾ ಅಂತಲೂ ಕೇಳಿ. ಮುಟ್ಟು ನಿಲ್ಲುವ ಕಾಲ ಹತ್ತಿರವಿದ್ದರೆ, ನಿಂತ ಮೇಲೆ ಫೈಬ್ರಾಯ್ಡ್ ಸಾಮಾನ್ಯವಾಗಿ ತಾನೇ ಕುಗ್ಗುತ್ತದೆ. ಅಲ್ಲಿಯವರೆಗೆ ಮಾತ್ರೆಯಲ್ಲಿ ನಿಭಾಯಿಸಬಹುದಾ ಅನ್ನುವುದೂ ಕೇಳತಕ್ಕ ಪ್ರಶ್ನೆ.

ಫಾರಂ ಅನ್ನು ಮನೆಗೆ ತಂದು ಓದಿ. ಗರ್ಭಕೋಶ, ಗರ್ಭಕಂಠ, ಅಂಡಾಶಯ, ಒಂದೊಂದರ ಹೆಸರು ಹಿಡಿದು ಇದು ಉಳಿಯುತ್ತದಾ ಅಂತ ಕೇಳಿ. ಆಪರೇಷನ್ ಮಧ್ಯೆ ಯಾವ ಪರಿಸ್ಥಿತಿಯಲ್ಲಿ ಅದು ಬದಲಾಗಬಹುದು ಎಂಬುದನ್ನೂ ಬರೆಸಿ.

ಇದೆಲ್ಲ ಯೋಚಿಸಲು ಸಮಯ ಇರುವವರಿಗೆ. ಗಂಟೆಗೊಂದು ಪ್ಯಾಡ್ ನೆನೆಯುತ್ತಾ, ತಲೆ ಸುತ್ತಿ ಕಣ್ಣು ಕತ್ತಲೆ ಬರುತ್ತಿದ್ದರೆ ಯಾವ ಪ್ರಶ್ನೆಪಟ್ಟಿಯನ್ನೂ ಹುಡುಕುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಆಗಲೇ ಹೋಗಿ.