ಮಾಲ್‌ನ ಮೇಲಿನ ಮಹಡಿಗೆ ಹೋಗುವವರೇ, ಆ ಹಸಿರು ಬೋರ್ಡಿನ ಬಾಗಿಲಿಗೆ ಬೀಗ ಇದೆಯಾ ನೋಡಿಕೊಳ್ಳಿ

ಚಿಕ್ಕ ಮಕ್ಕಳನ್ನು, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಮಾಲ್‌ಗೆ ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು ಹೋಗಿದ್ದ ದೊಡ್ಡ ಮಾಲ್ ಒಂದರಲ್ಲಿ, ಬೆಂಕಿ ಬಿದ್ದರೆ ಓಡಿಹೋಗಬೇಕಾದ ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದರು. ಅದು ನಮಗೆ ಗೊತ್ತಾಗಿದ್ದು ಅಲಾರಂ ಹೊಡೆದುಕೊಳ್ಳುತ್ತಿದ್ದಾಗ. ಆ ದಿನ ಯಾರಿಗೂ ಏನೂ ಆಗಲಿಲ್ಲ. ಹಾಗಾಗಿ ಇದು ಎಲ್ಲೂ ಸುದ್ದಿಯಾಗಲಿಲ್ಲ. ನಾನು ಬರೆಯುತ್ತಿರುವುದೂ ಅದೇ ಕಾರಣಕ್ಕೆ.

ಯಾವ ಮಾಲ್ ಅಂತ ಹೇಳುವುದಿಲ್ಲ. ಹೆಸರು ಹೇಳಿದರೆ "ಓ, ಅದಾ? ನಾವು ಅಲ್ಲಿಗೆ ಹೋಗಲ್ಲ" ಅಂತ ನೀವು ನಿರಾಳವಾಗಿಬಿಡುತ್ತೀರಿ. ಆಮೇಲೆ ನಾನು ಬೇರೆ ಮಾಲ್‌ಗಳಲ್ಲೂ ನೋಡಿದ್ದೇನೆ. ಬೀಗ ಇಲ್ಲದ ಕಡೆ ಡಬ್ಬಗಳು ಅಡ್ಡ ಇದ್ದವು.

ಅಮ್ಮ, ಅಕ್ಕ, ಅಕ್ಕನ ಐದು ವರ್ಷದ ಮಗಳು ಮತ್ತು ನಾನು ಹೋಗಿದ್ದೆವು. ಮಕ್ಕಳ ಪ್ಲೇ ಏರಿಯಾ ಇದ್ದದ್ದು ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ, ಸಿನಿಮಾ ಹಾಲ್‌ಗಳ ಪಕ್ಕ. ಅಕ್ಕ ಕೆಳಗೆ ಬಟ್ಟೆ ನೋಡುತ್ತಿದ್ದಳು. ಅಮ್ಮ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದರು. ಅಲಾರಂ ಶುರುವಾಯಿತು, ಕಿವಿ ಕೊರೆಯುವ ಹಾಗೆ. ಸುತ್ತ ನೋಡಿದರೆ ಒಬ್ಬರೂ ಕದಲಿರಲಿಲ್ಲ. ಮಕ್ಕಳು ಜಾರುಬಂಡೆಯಲ್ಲಿ ಜಾರುತ್ತಲೇ ಇದ್ದರು. ದೊಡ್ಡವರು ಒಮ್ಮೆ ತಲೆ ಎತ್ತಿ ನೋಡಿ, ಮತ್ತೆ ಫೋನಿಗೆ ಬಗ್ಗಿದರು. ಟಿಕೆಟ್ ಕೊಡುವ ಹುಡುಗನನ್ನು ಕೇಳಿದೆ.

"ಏನೂ ಇಲ್ಲ, ಅದು ಆಗಾಗ ಹೊಡ್ಕೊಳ್ಳುತ್ತೆ. ಈಗ ನಿಲ್ಲುತ್ತೆ. ನಿಮ್ದು ಇನ್ನೂ ಟೈಮ್ ಇದೆ, ಪಾಪು ಆಡ್ಲಿ ಬಿಡಿ" ಅಂದ.

ಆ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅಲಾರಂ ಬಂದರೆ ಏನು ಮಾಡಬೇಕು ಅಂತ ಅವನಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ ಅನ್ನುವುದು ಆಮೇಲೆ ಮಾತಾಡಿದಾಗ ಗೊತ್ತಾಯಿತು. ಮೈಕಿನಲ್ಲಿ ಒಂದು ಮಾತೂ ಬರಲಿಲ್ಲ. ಸ್ಪೀಕರ್‌ನಲ್ಲಿ ಹಾಡು ಮಾತ್ರ ಬರುತ್ತಲೇ ಇತ್ತು. ಅಷ್ಟರಲ್ಲಿ ಏನೋ ಸುಟ್ಟ ವಾಸನೆ ಬಂತು. ಮಗುವಿನ ಶೂ ಅಲ್ಲೇ ಬಿಟ್ಟು ಅವಳನ್ನು ಎತ್ತಿಕೊಂಡೆ. "ಏಳಮ್ಮ, ಹೋಗೋಣ" ಅಂದೆ.

ಹೀಗೆ ಕದಲದೆ ಕೂರುವುದು ಬರೀ ನಮ್ಮ ಸುತ್ತ ಇದ್ದವರ ಅಭ್ಯಾಸ ಅಲ್ಲ. 1979ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನ ವುಲ್‌ವರ್ತ್ಸ್ ಅಂಗಡಿಗೆ ಬೆಂಕಿ ಬಿತ್ತು. ಮಾರಾಟಕ್ಕಿಟ್ಟಿದ್ದ ಸೋಫಾಗಳ ಫೋಮ್ ಹೊತ್ತಿಕೊಂಡು ದಟ್ಟ ಹೊಗೆ ಎದ್ದಿತು. ಅಲ್ಲಿನ ರೆಸ್ಟೋರೆಂಟ್‌ನಲ್ಲಿ ಕೂತಿದ್ದ ಕೆಲವರು ಊಟ ಬಿಟ್ಟು ಏಳಲು ಹಿಂದೆಮುಂದೆ ನೋಡಿದರು. ಅಂದು 10 ಜನ ಸತ್ತರು. ದುಡ್ಡು ಕೊಟ್ಟಾಗಿದೆ, ಪಕ್ಕದವರು ಕೂತೇ ಇದ್ದಾರೆ, ನಾನೊಬ್ಬನೇ ಎದ್ದರೆ ಏನಂದುಕೊಳ್ಳುತ್ತಾರೋ ಅನ್ನುವ ಯೋಚನೆ ಎಲ್ಲರಿಗೂ ಬರುತ್ತದೆ. ದಯವಿಟ್ಟು ಆ ಯೋಚನೆಯನ್ನು ಬಿಡಿ. ಸುಮ್ನೆ ಎದ್ದು ಹೊರಡಿ. ನೀವು ಎದ್ದರೆ ನಿಮ್ಮನ್ನು ನೋಡಿ ಇನ್ನೂ ಇಬ್ಬರು ಏಳುತ್ತಾರೆ. ನಾವು ಹೊರಟಾಗ ಹಾಗೇ ಆಯಿತು.

ಎಸ್ಕಲೇಟರ್ ಹತ್ತಿರ ಹೋಗದೆ ಹಸಿರು ಬೋರ್ಡ್ ನೋಡಿಕೊಂಡು ಹೊರಟೆ. ಓಡುವ ಮನುಷ್ಯನ ಚಿತ್ರ ಇರುತ್ತಲ್ಲ, ಅದು. ಬಾಣದ ಗುರುತು ಟಾಯ್ಲೆಟ್ ಪಕ್ಕದ ಓಣಿಯ ಕಡೆ ತೋರಿಸುತ್ತಿತ್ತು. ಅಲ್ಲಿ ಅರ್ಧ ದೀಪಗಳು ಉರಿಯುತ್ತಿರಲಿಲ್ಲ. ಗೋಡೆಗುಂಟ ರಟ್ಟಿನ ಡಬ್ಬಗಳನ್ನು ತಲೆಯೆತ್ತರಕ್ಕೆ ಪೇರಿಸಿದ್ದರು. ಬಟ್ಟೆ ಅಂಗಡಿಯ ಕೈ ಮುರಿದ ಗೊಂಬೆಗಳು, ನೆಲ ಒರೆಸುವ ಗಾಡಿ, ಹಳೆಯ ಅಲಂಕಾರದ ಥರ್ಮೋಕೋಲ್. ಹೆಚ್ಚುಕಮ್ಮಿ ಎಲ್ಲವೂ ಬೇಗ ಹೊತ್ತಿಕೊಳ್ಳುವ ಸಾಮಾನೇ. ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಜಾಗ ಉಳಿದಿತ್ತು. ಓಣಿಯ ಕೊನೆಯಲ್ಲಿ ಕಬ್ಬಿಣದ ಬಾಗಿಲು. ಅದಕ್ಕೆ ಸೊಂಟದ ಎತ್ತರದಲ್ಲಿ ಅಡ್ಡಪಟ್ಟಿ ಇತ್ತು. ಅದನ್ನು ಒತ್ತಿದರೆ ಬಾಗಿಲು ತೆರೆಯಬೇಕು. ಆ ಪಟ್ಟಿಗೇ ಸರಪಳಿ ಸುತ್ತಿ ಬೀಗ ಜಡಿದಿದ್ದರು.

ನಮ್ಮ ಹಿಂದೆ ಇನ್ನೊಂದು ಕುಟುಂಬ ಬಂತು. ಅವರ ಹಿಂದೆ ಮತ್ತೆ ಕೆಲವರು. "ಬೀಗ ಹಾಕಿದೆ, ವಾಪಸ್ ಹೋಗಿ" ಅಂತ ಕೂಗಿದೆ. ಅಲಾರಂ ಸದ್ದಿಗೆ ಹಿಂದಿನವರಿಗೆ ಏನೂ ಕೇಳಿಸಲಿಲ್ಲ. ಅವರು ಮುಂದಕ್ಕೆ ಒತ್ತುತ್ತಲೇ ಬಂದರು. ಡಬ್ಬಗಳು ಉರುಳಿ ಇದ್ದ ದಾರಿಯೂ ಮುಚ್ಚಿತು. ಮಗು ಅಳಲು ಶುರು ಮಾಡಿತು. ಅಮ್ಮ ಗೋಡೆ ಹಿಡಿದುಕೊಂಡು ನಿಂತರು. ಕೊನೆಗೆ ಹಿಂದಿದ್ದ ಹೆಂಗಸೊಬ್ಬರು ಕೈಸನ್ನೆ ನೋಡಿ ಅರ್ಥ ಮಾಡಿಕೊಂಡು ತಮ್ಮ ಹಿಂದಿನವರನ್ನು ತಿರುಗಿಸಿದರು. ಅವರಿಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಆ ಓಣಿಗೆ ಆಗ ಹೊಗೆ ಬಂದಿರಲಿಲ್ಲ. ಬಂದಿದ್ದರೆ ನಾವು ಅಲ್ಲಿಂದ ತಿರುಗಿ ಬರಲು ಆಗುತ್ತಿತ್ತು ಅಂತ ನನಗೆ ಅನಿಸುವುದಿಲ್ಲ.

ಎಸ್ಕಲೇಟರ್ ಮೇಲೆಯೇ ನಡೆದುಕೊಂಡು ಕೆಳಗಿಳಿದೆವು. ಫುಡ್ ಕೋರ್ಟಿನ ಒಂದು ಅಡುಗೆಮನೆಯಲ್ಲಿ ವೈರ್ ಸುಟ್ಟು ಹೊಗೆ ಬಂದಿತ್ತಂತೆ. ಕೆಲಸದವರೇ ಆರಿಸಿದ್ದರು. ಸ್ವಲ್ಪ ಹೊತ್ತಿನಲ್ಲಿ ಅಲಾರಂ ನಿಂತಿತು.

ಕೆಳಗೆ ಸೆಕ್ಯುರಿಟಿ ಸೂಪರ್‌ವೈಸರ್ ಸಿಕ್ಕಿದರು. ಆ ಬಾಗಿಲಿಗೆ ಬೀಗ ಯಾಕೆ ಅಂತ ಕೇಳಿದೆ.

"ಕಳ್ಳತನ ಸರ್. ಸಾಮಾನು ಎತ್ಕೊಂಡು ಆ ಮೆಟ್ಟಿಲಲ್ಲಿ ಇಳಿದು ಹೋಗ್ತಾರೆ. ಕೀ ಕಂಟ್ರೋಲ್ ರೂಮಲ್ಲಿ ಇರುತ್ತೆ. ಏನಾದ್ರೂ ಆದ್ರೆ ನಾವೇ ಬಂದು ತೆಗೀತೀವಿ."

ಕಂಟ್ರೋಲ್ ರೂಮ್ ಇರುವುದು ಬೇಸ್‌ಮೆಂಟಿನಲ್ಲಿ. ಬಾಗಿಲು ಇರುವುದು ಎಲ್ಲಕ್ಕಿಂತ ಮೇಲೆ. ಎಲ್ಲರೂ ಕೆಳಗೆ ಓಡಿ ಬರುವಾಗ ಒಬ್ಬ ಗಾರ್ಡ್ ಕೀ ಹಿಡಿದು ಅಷ್ಟೂ ಮಹಡಿ ಹತ್ತಿ ಹೋಗುತ್ತಾನಾ? ಹೊಗೆಯಲ್ಲಿ ಬೀಗದ ತೂತು ಹುಡುಕುತ್ತಾನಾ? ನಾನು ಇದನ್ನು ಕೇಳಿದಾಗ ಅವರು ಸುಮ್ಮನಾದರು. ಅವರ ಮುಖ ನೋಡಿದರೆ ಇದು ಅವರಿಗೂ ಗೊತ್ತಿದ್ದ ವಿಷಯ ಅನಿಸಿತು. ಬೀಗ ಹಾಕಿ ಅಂತ ಹೇಳಿದವರು ಮೇಲಿನವರು.

ಕಳ್ಳತನದ ಭಯಕ್ಕೆ ಬಾಗಿಲು ಮುಚ್ಚಿ ಏನಾಯಿತು ಅನ್ನುವುದಕ್ಕೆ ಪರಾಗ್ವೆ ದೇಶದ ಉದಾಹರಣೆ ಇದೆ. 2004ರ ಆಗಸ್ಟ್ 1ರಂದು ರಾಜಧಾನಿ ಅಸುನ್ಸಿಯೋನ್‌ನ ಇಕುಆ ಬೊಲಾನ್ಯೋಸ್ ಸೂಪರ್‌ಮಾರ್ಕೆಟ್‌ಗೆ ಬೆಂಕಿ ಬಿತ್ತು. ಜನ ದುಡ್ಡು ಕೊಡದೆ ಹೊರಗೆ ಹೋಗಬಾರದು ಅಂತ ಬಾಗಿಲುಗಳನ್ನು ಮುಚ್ಚಿದರು. ಸುಮಾರು 400 ಜನ ಸತ್ತರು. ಮಾಲೀಕರು ಜೈಲಿಗೆ ಹೋದರು. ಇದನ್ನು ಮೊದಲ ಸಲ ಓದಿದಾಗ ನನಗೆ ಎರಡು ದಿನ ಬೇರೆ ಏನೂ ತಲೆಗೆ ಹೋಗಲಿಲ್ಲ.

ರಷ್ಯಾದ ಕೆಮೆರೊವೊ ನಗರದಲ್ಲಿ 2018ರ ಮಾರ್ಚ್ 25ರಂದು ಆಗಿದ್ದು ನಮ್ಮ ಅನುಭವಕ್ಕೆ ಇನ್ನೂ ಹತ್ತಿರದ್ದು. 'ಜಿಮ್ನ್ಯಾಯಾ ವಿಶ್ನ್ಯಾ' ಅನ್ನುವ ಮಾಲ್. ಅಲ್ಲೂ ಪ್ಲೇ ಏರಿಯಾ, ಸಿನಿಮಾ ಹಾಲ್ ಎಲ್ಲ ಮೇಲಿನ ಮಹಡಿಯಲ್ಲೇ ಇದ್ದವು. ಬೆಂಕಿ ಶುರುವಾದದ್ದೂ ಅಲ್ಲೇ. ಅಲಾರಂ ವ್ಯವಸ್ಥೆ ಕೆಲವು ದಿನಗಳಿಂದ ಕೆಟ್ಟಿತ್ತು. ಹೊರಹೋಗುವ ದಾರಿಗಳು ಮುಚ್ಚಿದ್ದವು. 60 ಜನ ಸತ್ತರು, ಅವರಲ್ಲಿ 37 ಮಕ್ಕಳು. ಕತಾರ್‌ನ ದೋಹಾದಲ್ಲಿ 2012ರ ಮೇ ತಿಂಗಳಲ್ಲಿ ವಿಲಾಜ್ಜಿಯೊ ಮಾಲ್‌ಗೆ ಬೆಂಕಿ ಬಿದ್ದಾಗ ಸತ್ತ 19 ಜನರಲ್ಲಿ 13 ಪುಟ್ಟ ಮಕ್ಕಳು. ಮಾಲ್ ಒಳಗೇ ನಡೆಯುತ್ತಿದ್ದ ಶಿಶುವಿಹಾರದಲ್ಲಿ ಇದ್ದವರು. ಮೆಟ್ಟಿಲು ಕುಸಿದಿದ್ದರಿಂದ ಬೆಂಕಿ ಆರಿಸುವವರು ಮಾಡು ಒಡೆದು ಒಳಗೆ ಇಳಿಯಬೇಕಾಯಿತು. ಅವರಲ್ಲೂ ಇಬ್ಬರು ಸತ್ತರು.

ಎರಡು ಕಡೆಯೂ ಜಾಸ್ತಿ ಸತ್ತವರು ಮಕ್ಕಳೇ ಅನ್ನುವುದನ್ನು ಗಮನಿಸಿದಿರಾ? ಸಿನಿಮಾ, ಆಟ, ಊಟ ಇವನ್ನು ಮೇಲಿನ ಮಹಡಿಯಲ್ಲಿ ಇಡುವುದು ಹೆಚ್ಚಿನ ಮಾಲ್‌ಗಳ ಪದ್ಧತಿ. ಮೇಲೆ ಹೋಗಿ ಬರುವ ದಾರಿಯಲ್ಲಿ ಜನ ಎಲ್ಲ ಅಂಗಡಿಗಳ ಮುಂದೆ ಹಾದು ಹೋಗಲಿ ಅಂತ. ವ್ಯಾಪಾರದ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಹೊಗೆ ಮೇಲಕ್ಕೆ ಹೋಗುತ್ತದೆ. ನಡುವೆ ಎಲ್ಲ ಮಹಡಿಗಳನ್ನು ಸೀಳಿಕೊಂಡು ಹೋಗುವ ದೊಡ್ಡ ತೆರೆದ ಜಾಗ ಇರುತ್ತದಲ್ಲ, ಬೆಂಕಿಯ ಹೊತ್ತಿನಲ್ಲಿ ಅದು ಚಿಮಣಿಯ ಹಾಗೆ ಹೊಗೆ ಎಳೆಯುತ್ತದೆ. ಹೊಗೆ ಹೊರಹಾಕುವ ಫ್ಯಾನುಗಳು, ಸ್ಪ್ರಿಂಕ್ಲರ್‌ಗಳು ಸರಿಯಾಗಿ ಕೆಲಸ ಮಾಡಿದರೆ ಪರವಾಗಿಲ್ಲ. ಇಲ್ಲದಿದ್ದರೆ ಮೊದಲು ಹೊಗೆ ತುಂಬುವುದು ಮಕ್ಕಳು ಆಡುವ ಮಹಡಿಯಲ್ಲಿ. ಬೆಂಕಿ ಅನಾಹುತಗಳಲ್ಲಿ ಜ್ವಾಲೆಗಿಂತ ಹೊಗೆಯೇ ಜಾಸ್ತಿ ಜನರನ್ನು ಕೊಲ್ಲುತ್ತದೆ.

ನಮ್ಮ ಮುಂದೆ ಸರಪಳಿ ಸುತ್ತಿದ್ದ ಆ ಅಡ್ಡಪಟ್ಟಿಯ ಹಿಂದೆಯೂ ಮಕ್ಕಳ ಸಾವಿದೆ. 1883ರಲ್ಲಿ ಇಂಗ್ಲೆಂಡಿನ ಸಂಡರ್ಲೆಂಡ್‌ನ ವಿಕ್ಟೋರಿಯಾ ಹಾಲ್‌ನಲ್ಲಿ ಮಕ್ಕಳಿಗಾಗಿ ಒಂದು ಪ್ರದರ್ಶನ ಇತ್ತು. ಕೊನೆಯಲ್ಲಿ ಬಹುಮಾನ ಹಂಚುತ್ತಾರೆ ಅಂತ ಮೇಲಿನ ಗ್ಯಾಲರಿಯ ಮಕ್ಕಳು ಮೆಟ್ಟಿಲಿಳಿದು ನುಗ್ಗಿದರು. ಕೆಳಗಿನ ಬಾಗಿಲನ್ನು ಒಂದು ಮಗು ನುಸುಳುವಷ್ಟೇ ಸಂದಿ ಬಿಟ್ಟು ಚಿಲಕ ಹಾಕಿದ್ದರು. 183 ಮಕ್ಕಳು ಅಲ್ಲೇ ಉಸಿರುಕಟ್ಟಿ ಸತ್ತರು. ಆಮೇಲೆ ರಾಬರ್ಟ್ ಬ್ರಿಗ್ಸ್ ಅನ್ನುವವರು ಒಳಗಿನಿಂದ ತಳ್ಳಿದರೆ ತೆರೆದುಕೊಳ್ಳುವ ಚಿಲಕ ಮಾಡಿ 1892ರಲ್ಲಿ ಪೇಟೆಂಟ್ ಪಡೆದರು. ಅಂಥ ಒಂದು ವಸ್ತುವಿಗೆ ಸರಪಳಿ ಕಟ್ಟುವುದೆಂದರೆ ನನಗೆ ಸಿಟ್ಟು ತಡೆಯಲು ಆಗುವುದಿಲ್ಲ. ಕಳ್ಳತನ ತಡೆಯಲು ಬೇರೆ ದಾರಿಗಳಿವೆ. ಪಟ್ಟಿ ಒತ್ತಿದ ಕೂಡಲೇ ಸೈರನ್ ಹೊಡೆಯುವ ಬಾಗಿಲುಗಳಿವೆ. ಬೆಂಕಿಯ ಅಲಾರಂ ಬಂದರೆ ತಾವಾಗಿ ಬಿಟ್ಟುಕೊಳ್ಳುವ ಮ್ಯಾಗ್ನೆಟ್ ಬೀಗಗಳಿವೆ. ಅದಕ್ಕೆ ಖರ್ಚಾಗುತ್ತದೆ, ಸರಪಳಿ ಅಗ್ಗ. ವಿಷಯ ಅಷ್ಟೇ.

ಈಗ ನೀವು ಏನು ಮಾಡಬಹುದು? ಮೇಲಿನ ಮಹಡಿಗೆ ಹೋದ ಕೂಡಲೇ, ಟಿಕೆಟ್ ತೆಗೆಯುವ ಮುಂಚೆ, ಹಸಿರು ಬೋರ್ಡ್ ಹಿಡಿದು ಬಾಗಿಲವರೆಗೆ ನಡೆದು ನೋಡಿ. ಎರಡು ನಿಮಿಷದ ಕೆಲಸ. ಬಾಗಿಲು ಮುಚ್ಚಿದ್ದರೆ ಗಾಬರಿ ಬೇಡ, ಅದು ಮುಚ್ಚಿಯೇ ಇರಬೇಕು. ಮೆಟ್ಟಿಲ ಕಡೆಗೆ ಹೊಗೆ ನುಗ್ಗದ ಹಾಗೆ ತಡೆಯುವುದೇ ಆ ಬಾಗಿಲು. ಹಾಗಾಗಿ ಇಟ್ಟಿಗೆ ಕೊಟ್ಟು ತೆರೆದಿಟ್ಟರೂ ತಪ್ಪೇ. ಆದರೆ ಬೀಗ, ಸರಪಳಿ, ಅಡ್ಡ ಸಾಮಾನು ಇರಬಾರದು. ಇದ್ದರೆ ಆ ಮಹಡಿಯಲ್ಲಿ ಮಕ್ಕಳನ್ನು ಬಿಡಬೇಡಿ. ಮಗು ಎಷ್ಟೇ ಹಟ ಮಾಡಲಿ, ವಾಪಸ್ ಬನ್ನಿ. ಸಿನಿಮಾ ಹಾಲ್ ಆದರೆ ದೀಪ ಆರುವ ಮುಂಚೆ ನಿಮ್ಮ ಸೀಟಿಗೆ ಹತ್ತಿರದ ಬಾಗಿಲು ಯಾವುದು ನೋಡಿಕೊಳ್ಳಿ. ಗಾಬರಿಯಲ್ಲಿ ಎಲ್ಲರೂ ಓಡುವುದು ಬಂದ ದಾರಿಯ ಕಡೆಗೇ. ಹತ್ತಿರದ ಬಾಗಿಲು ಖಾಲಿ ಇದ್ದರೂ ಯಾರೂ ಆ ಕಡೆ ಹೋಗುವುದಿಲ್ಲ.

ಮಂಡಿ ನೋವಿರುವವರು, ಗಾಲಿ ಕುರ್ಚಿಯವರು ಜೊತೆಗಿದ್ದರೆ ಇನ್ನೊಂದು ಮಾತು. ಬೆಂಕಿಯ ಹೊತ್ತಿನಲ್ಲಿ ಲಿಫ್ಟ್ ಹತ್ತುವ ಹಾಗಿಲ್ಲ. ಅಮ್ಮನಿಗೆ ಮಂಡಿ ನೋವು. ಅಂದು ಆ ಕಡಿದಾದ ಎಸ್ಕಲೇಟರ್ ಮೆಟ್ಟಿಲು ಇಳಿಯಲು ಅವರು ಪಟ್ಟ ಪಾಡು ನೋಡಲು ಆಗಲಿಲ್ಲ. ಅವಸರದಲ್ಲಿದ್ದವರು ಅವರನ್ನು ತಳ್ಳಿಕೊಂಡು ಹೋದರು. ಈಗ ನಾವು ಅವರನ್ನು ಕೆಳಗಿನ ಎರಡು ಮಹಡಿಗಿಂತ ಮೇಲೆ ಕರೆದೊಯ್ಯುವುದಿಲ್ಲ. ಕೆಲವು ಕಟ್ಟಡಗಳಲ್ಲಿ ಮೆಟ್ಟಿಲ ಪಕ್ಕದಲ್ಲಿ, ನಡೆಯಲಾಗದವರು ಸಹಾಯ ಬರುವವರೆಗೆ ಕಾಯಲು ಹೊಗೆ ಬರದಂಥ ಜಾಗ ಮಾಡಿರುತ್ತಾರೆ. ನೀವು ಹೋಗುವ ಮಾಲ್‌ನಲ್ಲಿ ಅದು ಎಲ್ಲಿದೆ ಅಂತ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಅದನ್ನೂ ದೂರಿನಲ್ಲಿ ಬರೆಯಿರಿ.

ದೂರು ಬಾಯಲ್ಲಿ ಹೇಳಬೇಡಿ. ಹೆಲ್ಪ್ ಡೆಸ್ಕಿನವರು ತಲೆ ಆಡಿಸುತ್ತಾರೆ, ಅಲ್ಲಿಗೆ ಮುಗಿಯಿತು. ಬಾಗಿಲಿನ ಫೋಟೋ ತೆಗೆಯಿರಿ. ಬೀಗ, ಮಹಡಿ ಸಂಖ್ಯೆ, ಮೇಲಿನ ಹಸಿರು ಬೋರ್ಡ್ ಮೂರೂ ಕಾಣಬೇಕು. ದಿನ, ಸಮಯ ಬರೆದು ಮಾಲ್‌ಗೂ, ಜೊತೆಗೇ ಅಗ್ನಿಶಾಮಕ ದಳಕ್ಕೂ ಕಳಿಸಿ. ನಾವು ಮೊದಲು ಮಾಲ್‌ಗೆ ಮಾತ್ರ ಬರೆದಿದ್ದೆವು. "ನಿಮ್ಮ ಅನಿಸಿಕೆಗೆ ಧನ್ಯವಾದಗಳು, ಸಂಬಂಧಪಟ್ಟ ವಿಭಾಗಕ್ಕೆ ತಿಳಿಸಿದ್ದೇವೆ" ಅಂತ ಉತ್ತರ ಬಂತು. ಸರಪಳಿ ಅಲ್ಲೇ ಇತ್ತು. ಅಗ್ನಿಶಾಮಕ ದಳಕ್ಕೆ ಬರೆದ ಮೇಲೆ ಅವರು ಬಂದು ನೋಡಿದರು, ಸರಪಳಿ ಹೋಯಿತು.

ಮೊನ್ನೆ ಅಕ್ಕ ಏನೋ ಬದಲಾಯಿಸಿಕೊಳ್ಳಲು ಆ ಮಾಲ್‌ಗೆ ಹೋದವಳು ಮೇಲೆ ಹತ್ತಿ ನೋಡಿ ಬಂದಳು. ಬಾಗಿಲು ತಳ್ಳಿದರೆ ತೆರೆಯುತ್ತದೆ. ಆದರೆ ಓಣಿಯಲ್ಲಿ ಡಬ್ಬಗಳು ಮತ್ತೆ ಬಂದು ಕೂತಿವೆ. ಆ ಫೋಟೋವನ್ನೂ ಎರಡೂ ಕಡೆ ಕಳಿಸಿದ್ದೇವೆ.