ಪಳೆಯುಳಿಕೆ ಹುಡುಕುವ ಮಕ್ಕಳೊಂದಿಗೆ ಸೇಂಟ್ ಮೇರಿಸ್ ದ್ವೀಪಕ್ಕೆ

ಡೈನೋಸಾರ್‌ಗಳ ಹುಚ್ಚು ಹಿಡಿದು, ಪಳೆಯುಳಿಕೆ ಎಲ್ಲಿ ಸಿಗುತ್ತದೆ ಎಂದು ದಿನವೂ ಪೀಡಿಸುವ ಮಕ್ಕಳು ಮನೆಯಲ್ಲಿದ್ದರೆ, ಉಡುಪಿ ಕಡೆಯವರು ಅವರನ್ನು ಮೊದಲು ಕರೆದುಕೊಂಡು ಹೋಗಬೇಕಾದದ್ದು ಮಲ್ಪೆಯ ಸೇಂಟ್ ಮೇರಿಸ್ ದ್ವೀಪಕ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿನ ಬಂಡೆಗಳಲ್ಲಿ ಪಳೆಯುಳಿಕೆ ಇಲ್ಲ. ಏಕೆ ಇಲ್ಲ ಎಂಬುದನ್ನು ಮಕ್ಕಳು ಕಲ್ಲನ್ನು ಮುಟ್ಟಿ ನೋಡಿಯೇ ಅರಿಯಬಹುದಾದ ಇಂಥ ಜಾಗವನ್ನು ನಮ್ಮ ಕರಾವಳಿಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ.

ಮಲ್ಪೆಯಿಂದ ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ದೋಣಿ ಸಂಚಾರ ಇರುವುದಿಲ್ಲವಾದ್ದರಿಂದ ಡಿಸೆಂಬರ್ ರಜೆ ಅನುಕೂಲ.

ದ್ವೀಪಕ್ಕೆ ಇಳಿದೊಡನೆ ಕಣ್ಣಿಗೆ ಬೀಳುವುದು ಒತ್ತೊತ್ತಾಗಿ ನಿಂತ ಕಲ್ಲಿನ ಕಂಬಗಳು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಇವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಸುಮಾರು 8.5ರಿಂದ 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ನಿಧಾನವಾಗಿ ತಣಿಯುತ್ತ, ಕುಗ್ಗುತ್ತ, ಬಿರುಕು ಬಿಟ್ಟು ಈ ಆಕಾರ ಪಡೆಯಿತು. ಬೇಸಗೆಯಲ್ಲಿ ಒಣಗಿದ ಗದ್ದೆಯ ಮಣ್ಣು ಒಡೆಯುವಂತೆಯೇ ಇದು, ಆದರೆ ಇಲ್ಲಿ ಬಿರುಕು ಆಳಕ್ಕೆ ಇಳಿದು ಕಂಬವಾಗಿದೆ. ಎಲ್ಲವೂ ಆರು ಮೂಲೆಯವೇ ಎಂದು ಮೊದಲೇ ಹೇಳಿಕೊಟ್ಟು ಕರೆದೊಯ್ಯುವುದು ಬೇಡ. ನನ್ನ ಮಗಳು ಒಂದೊಂದರ ತಲೆಯನ್ನೂ ಬೆರಳಿನಿಂದ ಸವರಿ ಎಣಿಸುತ್ತ, “ಅಮ್ಮ, ಇದಕ್ಕೆ ಐದೇ ಮೂಲೆ ಉಂಟು, ಅದಕ್ಕೆ ಏಳು!” ಎಂದು ತಾನೇ ಕಂಡುಕೊಂಡಳು. ಭೂತಗನ್ನಡಿ ಹಿಡಿದರೆ ಕಲ್ಲಿನಲ್ಲಿ ಚಿಕ್ಕ ಹರಳುಗಳೂ ಕಾಣುತ್ತವೆ.

ಕುದಿಯುವ ಶಿಲಾರಸದಿಂದ ಹುಟ್ಟಿದ ಅಗ್ನಿಶಿಲೆಯಲ್ಲಿ ಜೀವಿಯ ಗುರುತು ಉಳಿಯುವುದು ತೀರ ಅಪರೂಪ. ಕೆಸರು, ಮರಳು ಪದರು ಪದರಾಗಿ ಕೂತು ಗಟ್ಟಿಯಾದ ಶಿಲೆಯಲ್ಲಿಯೇ ಪಳೆಯುಳಿಕೆಯನ್ನು ಹುಡುಕಬೇಕು ಎಂಬ ಪಾಠದ ಮಾತು ಇಲ್ಲಿ ಮಕ್ಕಳಿಗೆ ಸುಲಭವಾಗಿ ಮನದಟ್ಟಾಗುತ್ತದೆ. ನಮ್ಮ ಮನೆಗಳ ಗೋಡೆಗೆ ಬಳಸುವ ಕೆಂಪುಕಲ್ಲು ಕೂಡ ಹಳೆಯ ಬಂಡೆ ಬಿಸಿಲು ಮಳೆಗೆ ಶಿಥಿಲವಾಗಿ ಆದದ್ದೇ ಹೊರತು ಪದರುಶಿಲೆಯಲ್ಲ. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷಗಳ ಹಿಂದೆ. ಅಂದರೆ ಈ ಲಾವಾ ಹರಿದಾಗ ಅವು ಭೂಮಿಯ ಮೇಲೆ ಓಡಾಡುತ್ತಿದ್ದವು. ಇದನ್ನು ಕೇಳಿದ ಮೇಲೆ, ಎಲುಬು ಸಿಗಲಿಲ್ಲವೆಂಬ ಮಗನ ಬೇಸರ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧವನ್ನು ಕಿನಾರೆ ತುಂಬ ಹರಡಿದ ಚಿಪ್ಪುಗಳು ಮರೆಸಿದವು. ಹೂಳಿನಡಿ ಸೇರಿ, ಕೊಳೆಯದೆ, ಕಾಲಾಂತರದಲ್ಲಿ ಕಲ್ಲಾಗುವ ಅವಕಾಶ ಇಂಥ ಗಟ್ಟಿ ಚಿಪ್ಪುಗಳಿಗೇ ಹೆಚ್ಚು ಎಂದು ಅವನಿಗೆ ವಿವರಿಸಲು, ಊಟಕ್ಕೆ ತರುವ ಮರುವಾಯಿಯ ಚಿಪ್ಪನ್ನು ನೆನಪಿಸಿದರೆ ಸಾಕಾಯಿತು.

ನನ್ನ ಅಸಮಾಧಾನವಿರುವುದು ಸೇವೆಯ ಬಗ್ಗೆ. ನಾವು ಹೋದ ದೋಣಿಯವರು ಬೇಗ ಮರಳಬೇಕೆಂದು ಅವಸರಪಡಿಸಿದರು. ಫೋಟೋ ತೆಗೆದು ಹಿಂದಿರುಗುವವರಿಗೆ ಆ ಸಮಯ ಸಾಕಾಗಬಹುದು, ನೋಡಿ ತಿಳಿಯಬೇಕೆನ್ನುವ ಮಕ್ಕಳಿಗೆ ಸಾಲದು. ಈ ಕಲ್ಲಿನ ಕಥೆಯನ್ನು ಕನ್ನಡದಲ್ಲೋ ತುಳುವಿನಲ್ಲೋ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಇಂಥ ಸ್ಮಾರಕದಲ್ಲಿ ತರಬೇತಿ ಪಡೆದ ಒಬ್ಬ ಮಾರ್ಗದರ್ಶಿಯಾದರೂ ಇರಲೇಬೇಕು, ಅದಕ್ಕಾಗಿ ಟಿಕೆಟ್ ದರ ಸ್ವಲ್ಪ ಏರಿಸಿದರೂ ನಾನು ಸಂತೋಷದಿಂದ ಕೊಡುತ್ತೇನೆ. ಅಲ್ಲಿಯವರೆಗೆ ಹೆತ್ತವರೇ ಓದಿಕೊಂಡು ಹೋಗಬೇಕು.

ಬೆಳಗ್ಗಿನ ಮೊದಲ ದೋಣಿಗಳಲ್ಲಿಯೇ ಹೊರಡಿ. ಇಳಿತದ ಹೊತ್ತಾದರೆ ನೀರಂಚಿನ ಬಂಡೆಗಳೂ ತೆರೆದುಕೊಂಡಿರುತ್ತವೆ. ಒದ್ದೆ ಕಲ್ಲು ಜಾರುತ್ತದೆ, ಅಂಚು ಹರಿತವಾಗಿರುತ್ತದೆ, ಆದ್ದರಿಂದ ಹವಾಯಿ ಚಪ್ಪಲಿಯ ಬದಲು ಹಿಡಿತವಿರುವ ಶೂ ಹಾಕಿಸಿ. ತೆಂಗಿನ ಮರಗಳಿದ್ದರೂ ಕಂಬಗಳ ಬಳಿ ನೆರಳಿಲ್ಲ. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಡಿ, ಒಂದು ಚೂರನ್ನೂ ಒಡೆದು ತರಬೇಡಿ.

ನಿಜವಾದ ಪಳೆಯುಳಿಕೆಯನ್ನೇ ನೋಡಬೇಕೆಂದು ಮಕ್ಕಳು ಹಟ ಹಿಡಿದರೆ, ದೊಡ್ಡ ರಜೆಯಲ್ಲಿ ತಮಿಳುನಾಡಿನ ವಿಲ್ಲುಪುರಂ ಜಿಲ್ಲೆಯ ತಿರುವಕ್ಕರೈಗೆ ಹೋಗಬಹುದು. ಸುಮಾರು 2 ಕೋಟಿ ವರ್ಷ ಹಿಂದಿನ, ಕಲ್ಲಾಗಿ ಹೋದ ಮರದ ಕಾಂಡಗಳು ಅಲ್ಲಿನ ಉದ್ಯಾನದಲ್ಲಿವೆ. ನಮ್ಮ ಮನೆಯಲ್ಲಿ ಆ ಪ್ರವಾಸದ ಚರ್ಚೆ ಆಗಲೇ ಶುರುವಾಗಿದೆ.